ಮುತ್ಯಾನ ಕಾರಿಗೆ ಯಾವ ಸೈಲೆನ್ಸರ್?

ಔರಾದ್ ಕಡೆಯ ಒಂದು ಹಳ್ಳಿಯ ಮನೆ ಎಂದು ಇಟ್ಟುಕೊಳ್ಳಿ. ಅಂಗಳದ ಬೇವಿನ ಮರದ ಕೆಳಗೆ ತಾಡಪತ್ರಿ ಹೊದ್ದು ನಿಂತ ಹಳೆಯ ಅಂಬಾಸಡರ್ ಕಾರು. ನಿವೃತ್ತ ಹೆಡ್‌ಮಾಸ್ತರರು ಎಂದೋ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಊರಿನ ಎಷ್ಟೋ ಬಾಣಂತಿಯರನ್ನು ದವಾಖಾನೆಯಿಂದ ಮನೆಗೆ ತಂದದ್ದು ಅದೇ. ಎಷ್ಟೋ ಮದುಮಕ್ಕಳಿಗೆ ರಥವಾದದ್ದೂ ಅದೇ. ಕೆಲವು ವರ್ಷಗಳಿಂದ ಅದು ಮರದ ನೆರಳು ಬಿಟ್ಟು ಕದಲಿಲ್ಲ. ಈಗ ಬೀದರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ರಜೆಗೆ ಬಂದಿದ್ದಾನೆ. ಕಾರನ್ನು ಮತ್ತೆ ರಸ್ತೆಗೆ ತರಬೇಕೆಂಬ ಹಟ ಅವನದು.

ಬಣ್ಣ ಯಾವುದಿರಬೇಕು, ಸೀಟಿಗೆ ಯಾವ ಬಟ್ಟೆ, ಕಾರ್ಬ್ಯುರೇಟರ್ ಯಾರ ಕೈಲಿ ಬಿಚ್ಚಿಸಬೇಕು ಎಂಬುದರಲ್ಲೆಲ್ಲ ಮುತ್ಯಾನದೂ ಮೊಮ್ಮಗನದೂ ಒಂದೇ ಮಾತು. ತಕರಾರು ಬಂದದ್ದು ಸೈಲೆನ್ಸರ್ ವಿಷಯಕ್ಕೆ.

"ಮುತ್ಯಾ, ಇದಕ್ಕ ದೊಡ್ಡ ಪೈಪ್ ಹಾಕಿಸಬೇಕು ನೋಡು. ಗಾಡಿ ಚಾಲೂ ಮಾಡಿದ್ರ ಭಾಲ್ಕಿ ತನಕ ಕೇಳಬೇಕು."

"ಭಾಲ್ಕಿಯವರು ನಿನಗೇನ್ ಮಾಡ್ಯಾರೋ?" ಎಂದರು ಮುತ್ಯಾ.

ಮಾತು ಅಲ್ಲಿಗೆ ನಿಂತಿತು. ಹಳೆಯ ಸೈಲೆನ್ಸರಿಗೇ ತಗಡಿನ ತೇಪೆ ಹಾಕಿಸಿ, ಒಂದು ದಿನ ಬೀದರಿಗೆ ಹೊರಟರು. ಮುಂದೆ ಮುತ್ಯಾ ಮತ್ತು ಮೊಮ್ಮಗ, ಹಿಂದಿನ ಸೀಟಿನಲ್ಲಿ ತಾಯಿ ಮತ್ತು ಹತ್ತು ವರ್ಷದ ತಂಗಿ. ಧೂಳು ಬರುತ್ತದೆಂದು ಗಾಜು ಏರಿಸಿದ್ದರು. ಕೌಠಾ ಬಳಿ ಮಾಂಜ್ರಾ ಸೇತುವೆ ದಾಟುವ ಹೊತ್ತಿಗೆ ತಂಗಿ, "ಅವ್ವಾ, ತಲಿ ಭಾಳ ನೋಯ್ಲಿಕತ್ತದ" ಎಂದು ಮಡಿಲಲ್ಲಿ ಒರಗಿದಳು. ಬಿಸಿಲಿಗೆ, ಹಸಿವೆಗೆ ಹೀಗಾಗಿರಬೇಕೆಂದು ತಾಯಿ ಎಣಿಸಿದರು. ಅವರಿಗೂ ಕಣ್ಣು ಜಗ್ಗುತ್ತಿತ್ತು. ವಾಂತಿ ಬಂದೀತೆಂದು ಗಾಡಿ ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು ಸ್ವಲ್ಪ ಹೊತ್ತು ಗಾಳಿಗೆ ಕುಳಿತ ಮೇಲೆ ಇಬ್ಬರೂ ಚೇತರಿಸಿಕೊಂಡರು. ಉಳಿದ ದಾರಿಯನ್ನು ಗಾಜು ಇಳಿಸಿಕೊಂಡೇ ಬಂದರು.

ಬೀದರಿನ ಗ್ಯಾರೇಜಿನಲ್ಲಿ ಉಸ್ತಾದ್ ಕಾರಿನ ಕೆಳಗೆ ತೂರಿ ನೋಡಿ ಹೊರಬಂದಾಗ ಅವರ ಮುಖದಲ್ಲಿ ನಗೆ ಇರಲಿಲ್ಲ. "ಮಾಸ್ತರ್ರೇ, ಪೈಪಿನ ಮ್ಯಾಲಿನ ಮಗ್ಗಲು ತೂತು ಬಿದ್ದದ. ಮ್ಯಾಲೆ ಫ್ಲೋರಿನ ರಬ್ಬರ್ ಹೋಗ್ಯದ. ಹೊಗಿ ಸೀದಾ ಒಳಗ ಬರ್ಲಿಕತ್ತದ. ಇವತ್ತು ಖುದಾ ಕಾಪಾಡ್ಯಾನ."

ಮೊಮ್ಮಗ ಆ ಮೇಲೆ ದೊಡ್ಡ ಪೈಪಿನ ಮಾತು ಎತ್ತಲಿಲ್ಲ. "ಹಂಗಾರ ಎಂಥಾದ್ದು ಹಾಕಬೇಕು, ಚಾಚಾ?" ಎಂದು ಕೇಳಿದ. ಹಳೆಯ ಅಂಬಾಸಡರ್, ಪದ್ಮಿನಿ, ಜೀಪುಗಳನ್ನು ಮತ್ತೆ ಓಡಿಸಲು ಹೊರಟ ಯಾರೇ ಆಗಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಹೊಗೆಯ ದಾರಿ

ಸೈಲೆನ್ಸರ್ ಎಂದರೆ ಜನರ ಕಣ್ಣ ಮುಂದೆ ಬರುವುದು ಹಿಂದೆ ಕಾಣುವ ಕೊಳವೆ ಮಾತ್ರ. ನಿಜವಾಗಿ ಅದು ಎಂಜಿನ್ನಿನಿಂದ ಬಂಪರಿನವರೆಗಿನ ಒಂದು ಸರಣಿ. ಎಂಜಿನ್ನಿಗೆ ಅಂಟಿಕೊಂಡು ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಇರುತ್ತದೆ. ಅದರಿಂದ ಕೆಳಗಿಳಿಯುವ ಪೈಪು, ನಡುವೆ ಸೈಲೆನ್ಸರಿನ ಡಬ್ಬಿ, ಕೊನೆಗೆ ಬಾಲದ ಪೈಪು. ಕೂಡುವ ಕಡೆಗಳಲ್ಲಿ ಗ್ಯಾಸ್ಕೆಟ್ ಮತ್ತು ಕ್ಲಾಂಪು. ಇದೆಲ್ಲವನ್ನೂ ಕಾರಿನ ತಳಕ್ಕೆ ತೂಗುಹಾಕಲು ರಬ್ಬರಿನ ಹಿಡಿಕೆಗಳು. ಈ ಸರಣಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಉಳಿದದ್ದು ಎಷ್ಟು ಬೆಲೆಯದಾದರೂ ಪ್ರಯೋಜನವಿಲ್ಲ.

ಅದು ಮಾಡುವ ಕೆಲಸವನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿಯೇ ತಿಳಿಯಬಹುದು. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೆ ಒಮ್ಮೆ ಹೊಗೆ ಉಗುಳುತ್ತದೆ. ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಎರಡು ಬಾರಿ. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 50 ಸುತ್ತು, 100 ಹೊಡೆತ. ಜೋರಾಗಿ ಓಡುವಾಗ ಮ್ಯಾನಿಫೋಲ್ಡಿನ ಬಳಿ ಹೊಗೆಯ ಬಿಸಿ 600 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಇಂಥ ನೂರು ಬಿಸಿ ಹೊಡೆತಗಳನ್ನು ಪ್ರತಿ ಸೆಕೆಂಡೂ ಹಿಡಿದು, ಸಮಾಧಾನ ಮಾಡಿ, ಕಾರಿನ ಹಿಂದಕ್ಕೆ ಸಾಗಿಸುವುದು ಈ ಸರಣಿಯ ಕೆಲಸ. ಸದ್ದು ಅಡಗಿಸುವುದು ಅದರಲ್ಲಿ ಅರ್ಧ ಭಾಗ. ಕೂತವರ ಮೂಗಿನಿಂದ ಹೊಗೆಯನ್ನು ದೂರ ಒಯ್ಯುವುದು ಇನ್ನರ್ಧ.

ಡಬ್ಬಿಗಳಲ್ಲಿ ಎರಡು ಬಗೆ. ಒಂದರೊಳಗೆ ಅಡ್ಡಗೋಡೆಗಳಿರುತ್ತವೆ. ಹೊಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುತ್ತಿ ಹೋಗುವಾಗ ಸದ್ದಿನ ಅಲೆಗಳು ಒಂದಕ್ಕೊಂದು ಬಡಿದು ತಗ್ಗುತ್ತವೆ. ಇನ್ನೊಂದು ಬಗೆಯಲ್ಲಿ ತೂತು ತೂತಾದ ನೇರ ಕೊಳವೆ, ಅದರ ಸುತ್ತ ಗಾಜಿನ ಉಣ್ಣೆ ತುಂಬಿರುತ್ತದೆ. ಇದರಲ್ಲಿ ಹೊಗೆಗೆ ಅಡ್ಡಿ ಕಡಿಮೆ, ಸದ್ದು ಹೆಚ್ಚು. ಉಣ್ಣೆ ಸುಟ್ಟು ಉದುರಿದಂತೆ ಸದ್ದು ಮತ್ತೂ ಏರುತ್ತದೆ. ಮನೆ ಮಂದಿ ಕೂರುವ ಹಳೆಯ ಕಾರಿಗೆ ಮೊದಲನೆಯದೇ ಸರಿ.

ವಾಸನೆಯಿಲ್ಲದ ವಿಷ

ಹೊಗೆಯಲ್ಲಿ ಕಣ್ಣಿಗೆ ಕಾಣುವುದು ಮಸಿ. ಮೂಗಿಗೆ ತಾಗುವುದು ಅರೆ ಸುಟ್ಟ ಪೆಟ್ರೋಲು. ಪ್ರಾಣಕ್ಕೆ ಎರವಾಗುವುದು ಮಾತ್ರ ಕಾಣದ, ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200 ಪಟ್ಟಿಗೂ ಬಲವಾಗಿ ಹಿಡಿದುಕೊಳ್ಳುತ್ತದೆ. ಉಸಿರು ಸರಾಗವಾಗಿ ಆಡುತ್ತಿರುತ್ತದೆ, ಆದರೆ ಮೆದುಳಿಗೆ ಆಮ್ಲಜನಕ ಮುಟ್ಟುವುದಿಲ್ಲ. ಮೊದಲು ತಲೆನೋವು, ಬಳಿಕ ತಲೆಸುತ್ತು, ಓಕರಿಕೆ, ತೂಕಡಿಕೆ. ನಿದ್ದೆ ಬಂತೆಂದು ಕಣ್ಣು ಮುಚ್ಚಿದವರು ಮತ್ತೆ ತೆರೆಯದಿರಬಹುದು. ಮಕ್ಕಳು ದೊಡ್ಡವರಿಗಿಂತ ವೇಗವಾಗಿ ಉಸಿರಾಡುವುದರಿಂದ ಅವರಿಗೆ ಬೇಗ ತಾಗುತ್ತದೆ. ಮಾಸ್ತರರ ಮೊಮ್ಮಗಳಿಗೆ ಮೊದಲು ತಲೆ ನೋಯಲು ಇದೇ ಕಾರಣ.

ಹೊಸ ಪೆಟ್ರೋಲ್ ಕಾರುಗಳಲ್ಲಿ ಈ ವಿಷವನ್ನು ಬಹುಪಾಲು ಸುಟ್ಟು ಹಾಕುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಭಾರತದ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರುಗಳಿಗೆ ಅದು ಕಡ್ಡಾಯವಾದದ್ದು 1995ರಲ್ಲಿ. ಅದಕ್ಕೂ ಹಿಂದಿನ ಅಂಬಾಸಡರ್, ಪದ್ಮಿನಿಗಳಲ್ಲಿ ಅದು ಇಲ್ಲ. ಇಂಥ ಹಳೆಯ ಪೆಟ್ರೋಲ್ ಕಾರುಗಳಿಗೆ ಎಮಿಷನ್ ಟೆಸ್ಟಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 3ರವರೆಗೆ ಇರಬಹುದೆಂಬ ಮಿತಿ ಇದೆ. ಹತ್ತು ಲಕ್ಷದಲ್ಲಿ 30,000 ಭಾಗ! ಟೆಸ್ಟ್ ಪಾಸಾದ ಕಾರಿನ ಹೊಗೆಯೂ ಒಳಗೆ ನುಗ್ಗಿದರೆ ವಿಷವೇ ಎಂಬುದನ್ನು ಮರೆಯಬಾರದು. ಹಾಗೆಂದು ಗುಜರಿಯಿಂದ ಹಳೆಯ ಕನ್ವರ್ಟರ್ ತಂದು ಜೋಡಿಸುವುದೂ ಜಾಣತನವಲ್ಲ. ಕಾರ್ಬ್ಯುರೇಟರಿನ ಏರುಪೇರಿನ ಮಿಶ್ರಣಕ್ಕೆ ಅದು ಕಾದು ಕೆಂಡವಾಗುತ್ತದೆ.

ಹೊಗೆ ಒಳಗೆ ಬರಲು ತೂತೇ ಬೇಕೆಂದಿಲ್ಲ. ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಹೊಗೆ ಅಲ್ಲೇ ಸುಳಿದಾಡುತ್ತದೆ. ಡಿಕ್ಕಿಯ ರಬ್ಬರ್ ಹರಿದಿದ್ದರೆ, ಸಾಮಾನು ಹೆಚ್ಚಾಗಿ ಡಿಕ್ಕಿ ತೆರೆದೇ ಓಡಿಸಿದರೆ, ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಬಾಲದ ಪೈಪು ಕಾರಿನ ಹೊಟ್ಟೆಯ ಕೆಳಗೇ ಮುಗಿಯಬಾರದು. ಬಂಪರಿನ ಅಂಚು ದಾಟಿ ಹೊರಗೆ ಬರಬೇಕು. ಅರ್ಧ ಅಡಿ ಪೈಪು ಉಳಿಸಲು ಹೋಗಿ ಹಿಂದಿನ ಸೀಟಿನವರ ಉಸಿರಿಗೆ ಕುತ್ತು ತರಬಾರದು.

ದೊಡ್ಡ ಪೈಪಿನ ಭ್ರಮೆ

"ದೊಡ್ಡ ಪೈಪು, ದೊಡ್ಡ ಸದ್ದು, ದೊಡ್ಡ ಶಕ್ತಿ" ಎಂಬುದು ಕಾಲೇಜು ಹುಡುಗರ ನಂಬಿಕೆ. ಉಸ್ತಾದ್ ಅದಕ್ಕೆ ಒಂದೇ ಮಾತಿನ ಉತ್ತರ ಕೊಟ್ಟರು: "ಬೇಟಾ, ಆವಾಜ್ ಬ್ಯಾರೆ, ತಾಕತ್ ಬ್ಯಾರೆ."

ಲೆಕ್ಕ ನೋಡಿದರೆ ಅವರ ಮಾತು ಸರಿ. ಒಂದೂವರೆ ಇಂಚಿನ ಪೈಪಿನ ಜಾಗದಲ್ಲಿ ಎರಡು ಇಂಚಿನದು ಹಾಕಿದರೆ ವ್ಯಾಸ ಹೆಚ್ಚುವುದು ಮೂರನೇ ಒಂದು ಭಾಗ. ಆದರೆ ಒಳಗಿನ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ, ಅಂದರೆ ಸುಮಾರು ಶೇಕಡಾ 78 ಹೆಚ್ಚುತ್ತದೆ. ಅಷ್ಟೇ ಹೊಗೆ ಅಷ್ಟು ಅಗಲದ ದಾರಿಯಲ್ಲಿ ಹೋಗುವಾಗ ಅದರ ವೇಗ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಇಳಿಯುತ್ತದೆ. ವೇಗವಾಗಿ ಹೊರಡುವ ಒಂದು ಹೊಡೆತ ತನ್ನ ಹಿಂದೆ ಬರುವ ಹೊಗೆಯನ್ನು ಸೆಳೆದುಕೊಂಡು ಹೋಗಿ ಸಿಲಿಂಡರ್ ಖಾಲಿ ಮಾಡಲು ನೆರವಾಗುತ್ತದೆ. ವೇಗ ಕುಂದಿದರೆ ಈ ಸೆಳೆತವೂ ಕುಂದುತ್ತದೆ. ಅಂಬಾಸಡರಿನ 1489 ಸಿ.ಸಿ. ಎಂಜಿನ್ ರೇಸಿಗೆ ಹುಟ್ಟಿದ್ದಲ್ಲ. ನಿಧಾನ ಗತಿಯಲ್ಲಿ ಭಾರ ಎಳೆಯುವುದು ಅದರ ಗುಣ. ಅಗಲದ ಪೈಪು ಆ ಗುಣವನ್ನೇ ಕಸಿಯಬಹುದು.

"ಎಂಜಿನ್ನಿಗೆ ಹಿಂದಿನಿಂದ ಸ್ವಲ್ಪ ಒತ್ತಡ ಇರಲೇಬೇಕು" ಎಂಬ ಮಾತೂ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಅದೂ ಪೂರ್ತಿ ನಿಜವಲ್ಲ. ಎಂಜಿನ್ನಿಗೆ ಬೇಕಾದದ್ದು ಹೊಗೆಯ ಸರಿಯಾದ ವೇಗ, ತಡೆಯಲ್ಲ. ತೀರಾ ಕಿರಿದಾದರೆ ಉಸಿರು ಕಟ್ಟುತ್ತದೆ, ತೀರಾ ಅಗಲವಾದರೆ ಹೊಗೆ ಸೋಮಾರಿಯಾಗುತ್ತದೆ. ಕಾರು ತಯಾರಿಸಿದವರು ಕಾರ್ಬ್ಯುರೇಟರ್, ವಾಲ್ವ್, ಪೈಪು ಮೂರನ್ನೂ ಕೂಡಿಸಿ ಅಳತೆ ಗೊತ್ತು ಮಾಡಿರುತ್ತಾರೆ. ಆದ್ದರಿಂದ ಮೂಲ ಅಳತೆಯನ್ನು ಬಿಡದಿರುವುದೇ ಮೊದಲ ಸೂತ್ರ.

ದೊಡ್ಡಸ್ತಿಕೆ ಸದ್ದಿನಲ್ಲಿದೆ ಎನ್ನುವವರು ಒಮ್ಮೆ ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋಗಿ ಬರಬೇಕು. ಬೀದರ್ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ತಮಗಾಗಿ ತರಿಸಿದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಅಲ್ಲಿದೆ. ಕಾರು ಬಂದು ಸೇರುವ ಮೊದಲೇ, 1911ರಲ್ಲಿ ಅವರು ತೀರಿಕೊಂಡರು. ಆ ಮಾದರಿಯ ಹೆಸರು ಸಿಲ್ವರ್ ಘೋಸ್ಟ್, ಅಂದರೆ ಬೆಳ್ಳಿಯ ಭೂತ. ಭೂತದ ಹಾಗೆ ಸದ್ದಿಲ್ಲದೆ ಸರಿಯುತ್ತದೆ ಎಂದೇ ಆ ಹೆಸರು. ಆ ಕಾಲದ ದೊರೆಗಳು ಹಣ ತೆತ್ತದ್ದು ಸದ್ದಿಗಲ್ಲ, ಸದ್ದಿಲ್ಲದಿರುವುದಕ್ಕೆ.

ತುಕ್ಕು ಒಳಗಿನಿಂದ ಬರುತ್ತದೆ

ಸೈಲೆನ್ಸರ್ ಮಳೆನೀರಿಗೆ ತುಕ್ಕು ಹಿಡಿಯುತ್ತದೆಂದು ಜನ ತಿಳಿದಿದ್ದಾರೆ. ಅದಕ್ಕಿಂತ ದೊಡ್ಡ ಶತ್ರು ಒಳಗಿನ ನೀರು. ಪೆಟ್ರೋಲಿನಲ್ಲಿ ಇರುವ ಜಲಜನಕ ಉರಿದಾಗ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹುಟ್ಟುವ ನೀರು ಹೆಚ್ಚುಕಡಿಮೆ ಒಂದು ಲೀಟರ್! ಕಾರು ದೂರ ಓಡಿದರೆ ಪೈಪು ಕಾದು ಅದು ಹಬೆಯಾಗಿ ಹೊರಹೋಗುತ್ತದೆ. ಹಬ್ಬಕ್ಕೊಮ್ಮೆ ಚಾಲೂ ಮಾಡಿ, ಓಣಿಯಲ್ಲೇ ಒಂದು ಸುತ್ತು ಹಾಕಿ ನಿಲ್ಲಿಸಿದರೆ ಆ ನೀರು ಡಬ್ಬಿಯ ತಳದಲ್ಲೇ ನಿಂತು, ಹೊಗೆಯ ಆಮ್ಲದೊಡನೆ ಸೇರಿ ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಗೋಡೆ ಹಾಳೆಯಂತೆ ತೆಳುವಾಗಿರುತ್ತದೆ. ಹಳೆಯ ಕಾರನ್ನು ಅಪರೂಪಕ್ಕೆ ತೆಗೆಯುವವರು ತೆಗೆದಾಗ ಹತ್ತಿಪ್ಪತ್ತು ಕಿಲೋಮೀಟರ್ ಆದರೂ ಓಡಿಸಬೇಕು. ಡಬ್ಬಿಯ ತಳದಲ್ಲಿ ತಯಾರಕರೇ ಬಿಟ್ಟ ಸಣ್ಣ ತೂತು ಇದ್ದರೆ ಅದು ನೀರು ಇಳಿಯಲೆಂದು. ಸೋರುತ್ತಿದೆಯೆಂದು ಅದನ್ನು ಬೆಸೆದು ಮುಚ್ಚಬಾರದು.

ಇನ್ನು ಯಾವ ಲೋಹ? ಅಗ್ಗದ್ದು ಸಾಮಾನ್ಯ ಉಕ್ಕು, ಅಂದರೆ ಎಂ.ಎಸ್. ಮೂಲ ಕಾರುಗಳಲ್ಲಿ ಬಂದದ್ದೂ ಬಹುಮಟ್ಟಿಗೆ ಇದೇ. ಬೆಸೆಯಲು ಸುಲಭ, ಎಲ್ಲಿಯಾದರೂ ರಿಪೇರಿಯಾಗುತ್ತದೆ, ಆಯಸ್ಸು ಮಾತ್ರ ಕಡಿಮೆ. ಅದರ ಮೇಲೆ ಅಲ್ಯೂಮಿನಿಯಂ ಲೇಪ ಕೊಟ್ಟ ಉಕ್ಕು ಬಾಳಿಕೆಯಲ್ಲಿ ಮೇಲು. ಲೇಪ ಕಿತ್ತ ಬೆಸುಗೆಯ ಜಾಗಕ್ಕೆ ಮಾತ್ರ ಬಿಸಿ ತಡೆಯುವ ಬಣ್ಣ ಬಳಿಯಬೇಕು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎರಡು ದರ್ಜೆ ಹೆಚ್ಚು ಬಳಕೆಯಲ್ಲಿವೆ. 409ರಲ್ಲಿ ಕ್ರೋಮಿಯಂ ಸುಮಾರು ಶೇಕಡಾ 11. ಮೇಲೆ ಕಂದು ಬಣ್ಣ ಬರುತ್ತದೆ, ಆದರೆ ಬೇಗ ತೂತಾಗುವುದಿಲ್ಲ. 304ರಲ್ಲಿ ಕ್ರೋಮಿಯಂ ಸುಮಾರು 18, ನಿಕ್ಕಲ್ ಸುಮಾರು 8. ಬಹುಕಾಲ ಹೊಳಪು ಉಳಿಯುತ್ತದೆ, ಬೆಲೆಯೂ ಜಾಸ್ತಿ. "ಅಯಸ್ಕಾಂತ ಅಂಟಿದರೆ ಸ್ಟೇನ್‌ಲೆಸ್ ಅಲ್ಲ" ಎಂಬ ಅಂಗಡಿ ಮಾತನ್ನು ನಂಬಬೇಕಾಗಿಲ್ಲ. 304ಕ್ಕೆ ಅದು ಅಂಟುವುದಿಲ್ಲ ಎಂಬುದು ಸರಿ, ಆದರೆ 409ಕ್ಕೆ ಅಂಟುತ್ತದೆ. ಅದೂ ಸ್ಟೇನ್‌ಲೆಸ್ಸೇ.

ಒಂದು ಎಚ್ಚರಿಕೆ. ಅಗ್ಗಕ್ಕೆ ಸಿಗುತ್ತದೆಂದು ನೀರಿನ ಜಿ.ಐ. ಪೈಪನ್ನು ತಂದು ಸೈಲೆನ್ಸರಿಗೆ ಬೆಸೆಯಬಾರದು. ಅದರ ಮೇಲಿನ ಲೇಪ ಸತುವಿನದು. ಸತುವಿನ ಗುಣ ಬೀದರಿನವರಿಗೆ ಹೊಸದಲ್ಲ, ಬಿದರಿ ಪಾತ್ರೆಯ ಮಿಶ್ರಲೋಹದಲ್ಲಿ ದೊಡ್ಡ ಪಾಲು ಅದೇ. ಅದು ಸುಮಾರು 420 ಡಿಗ್ರಿಗೆ ಕರಗಿ, 907 ಡಿಗ್ರಿಗೆ ಕುದಿಯುತ್ತದೆ. ವೆಲ್ಡಿಂಗ್ ಬೆಂಕಿಯ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಆಗ ಏಳುವ ಬಿಳಿ ಹೊಗೆ ಕುಡಿದವರಿಗೆ ಅಂದೇ ಚಳಿಜ್ವರ ಬರುತ್ತದೆ.

ಒಂದೇ ಕಾರು, ಮೂರು ಊರು

ಲೋಹ ಯಾವುದು, ಡಬ್ಬಿ ಯಾವುದು ಎಂಬುದನ್ನು ಅಂಗಡಿಯವನಿಗಿಂತ ಹೆಚ್ಚಾಗಿ ಕಾರು ಓಡಾಡುವ ಊರು ಹೇಳುತ್ತದೆ. ಒಂದೇ ಅಂಬಾಸಡರ್ ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆ ಇದ್ದರೆ ಮೂರಕ್ಕೂ ಒಂದೇ ಸಲಹೆ ಸಲ್ಲುವುದಿಲ್ಲ.

ಬೀದರ್ ನಗರದಲ್ಲಿ ಓಡಾಟ ಚಿಕ್ಕದು. ಮನೆಯಿಂದ ಬಜಾರು, ಬಜಾರಿನಿಂದ ಮನೆ. ಪೈಪು ಕಾಯುವ ಮೊದಲೇ ಕಾರು ನಿಲ್ಲುತ್ತದೆ, ನೀರು ಒಳಗೇ ಉಳಿಯುತ್ತದೆ. ಇಲ್ಲಿ ಲೇಪದ ಉಕ್ಕು ಅಥವಾ ಸ್ಟೇನ್‌ಲೆಸ್‌ಗೆ ಹಾಕಿದ ಹಣ ಸಾರ್ಥಕ. ಹಳೆಯ ಊರಿನ ಚೌಬಾರಾ, 1472ರಲ್ಲಿ ಕಟ್ಟಿದ ಮಹಮೂದ್ ಗಾವಾನನ ಮದರಸಾ, ಅವುಗಳ ಸುತ್ತಲ ಓಣಿಗಳು ಇಕ್ಕಟ್ಟು. ಗೋಡೆಯಿಂದ ಗೋಡೆಗೆ ಸದ್ದು ಮರುದನಿಗೊಡುತ್ತದೆ. ಐದು ಶತಮಾನದ ಹಿಂದೆ ದೂರದೇಶದ ಪಂಡಿತರನ್ನು ಕರೆಸಿ ಪಾಠ ಹೇಳಿಸಿದ ಆ ಕಟ್ಟಡದ ಪಕ್ಕದಲ್ಲಿ ಇಂದೂ ಮಕ್ಕಳು ಪರೀಕ್ಷೆಗೆ ಓದುತ್ತಾರೆ. ಅಡ್ಡಗೋಡೆಯ ಸದ್ದಡಗಿದ ಡಬ್ಬಿಯೇ ಇಲ್ಲಿ ಮರ್ಯಾದೆ.

ಭಾಲ್ಕಿಯಿಂದ ಬೀದರಿಗೆ ಸುಮಾರು 40 ಕಿಲೋಮೀಟರ್. ವಾರಕ್ಕೆರಡು ಬಾರಿ ಹೋಗಿ ಬರುವ ಕಾರಿನ ಪೈಪು ಚೆನ್ನಾಗಿ ಕಾದು ಒಣಗುತ್ತದೆ. ಇಲ್ಲಿ ಸಾಮಾನ್ಯ ಉಕ್ಕಿನದೂ ತಕ್ಕಮಟ್ಟಿಗೆ ಬಾಳುತ್ತದೆ. ತೊಂದರೆ ಕೊಡುವುದು ಹೆಚ್ಚಾಗಿ ಹಿಡಿಕೆಗಳು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳ ಸಾಲಿನ ಹಿಂದೆ ಆಗಾಗ ಬ್ರೇಕು, ಗೇರು, ತಗ್ಗು ದಿನ್ನೆ. ರಬ್ಬರ್ ಹರಿದರೆ ಪೈಪು ಕುಣಿದು ಮ್ಯಾನಿಫೋಲ್ಡಿನ ಕೀಲು ಬಿರುಕು ಬಿಡುತ್ತದೆ. ಡಬ್ಬಿಯಲ್ಲಿ ಉಳಿಸಿದ ಹಣವನ್ನು ಇಲ್ಲಿ ಒಳ್ಳೆಯ ಹಿಡಿಕೆಗೆ ಹಾಕಬೇಕು.

ಔರಾದ್ ಕಡೆ ಎರೆ ಭೂಮಿ. ಮಳೆಗಾಲದಲ್ಲಿ ಹೊಲದ ದಾರಿಯ ಅಂಟು ಮಣ್ಣು ಪೈಪಿಗೆ ಮೆತ್ತಿ, ಅಲ್ಲೇ ತೇವ ಹಿಡಿದಿಟ್ಟು ಹೊರಗಿನಿಂದ ತುಕ್ಕು ತರುತ್ತದೆ. ಬಂಡಿ ಜಾಡಿನ ನಡುವಿನ ದಿನ್ನೆ ಡಬ್ಬಿಗೆ ತಾಗುತ್ತದೆ. ಇಲ್ಲಿ ಡಬ್ಬಿ ನೆಲದಿಂದ ಎಷ್ಟು ಎತ್ತರ ಎಂಬುದನ್ನು ಮೊದಲು ಅಳೆಯಬೇಕು. ಹೊಟ್ಟೆ ಉಬ್ಬಿದ ದೊಡ್ಡ ಡಬ್ಬಿ ಬೇಡ. ವಾರಕ್ಕೊಮ್ಮೆ ಪೈಪಿನ ಮಣ್ಣು ತೊಳೆಯುವುದು ಅರ್ಧ ಆಯಸ್ಸು ಹೆಚ್ಚಿಸಿದಂತೆ. ಸುಗ್ಗಿಯಲ್ಲಿ ತೊಗರಿ ಕಟ್ಟಿಗೆ, ಜೋಳದ ಕಣಕಿ, ಸೋಯಾ ಹೊಟ್ಟಿನ ಮೇಲೆ ಕಾರು ನಿಲ್ಲಿಸಬಾರದು. ಕಾದ ಪೈಪಿನಿಂದ ಒಂದು ಕಿಡಿ, ವರ್ಷದ ಬೆಳೆ ಬೂದಿ.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಪ್ರತಿಯೊಂದು ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಕಾರಿನ ಹೊಗೆ ಕೆಳಕ್ಕೂ ಎಡಕ್ಕೂ ಬರಬಾರದು. ಹಿಂದಕ್ಕೆ ಇಲ್ಲವೇ ಬಲಕ್ಕೆ ಹೋಗಬೇಕು. ನಮ್ಮ ರಸ್ತೆಗಳಲ್ಲಿ ಎಡಗಡೆ ನಡೆಯುವವರು ಇರುತ್ತಾರೆ ಎಂಬುದನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ಹೊಗೆ ಪೈಪು ಪೆಟ್ರೋಲ್ ಕೊಳವೆಯಿಂದ ಕನಿಷ್ಠ 35 ಮಿಲಿಮೀಟರ್ ದೂರ ಇರಬೇಕು. ಈಗ ಬಂಕುಗಳಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಕೊಳವೆಗಳನ್ನು ಹಾಳು ಮಾಡಬಲ್ಲದಾದ್ದರಿಂದ, ಸೈಲೆನ್ಸರ್ ಬದಲಿಸುವಾಗಲೇ ಆ ಕೊಳವೆಗಳನ್ನೂ ನೋಡಿಬಿಡುವುದು ಒಳ್ಳೆಯದು.

ಸದ್ದಿನ ಮತ್ತು ಹೊಗೆಯ ನಿಯಮ ಮೀರಿದವರಿಗೆ 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಲೈಸೆನ್ಸಿಗೂ ಮೂರು ತಿಂಗಳ ತಡೆ. ಪಾಲಕರು ಇನ್ನೊಂದನ್ನು ನೆನಪಿಡಬೇಕು. ಹದಿನೆಂಟು ತುಂಬದ ಮಗ ಕಾರು ಓಡಿಸಿ ಅಪರಾಧ ಎಸಗಿದರೆ ಪಾಲಕರು ಅಥವಾ ಮಾಲೀಕರೇ ಹೊಣೆ: ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. "ಊರ ಹೊರಗ ಒಂದು ರೌಂಡ್ ಅಷ್ಟೇ" ಎಂದು ಚಾವಿ ಕೊಡುವ ಮೊದಲು ಇದನ್ನು ಯೋಚಿಸಬೇಕು.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ 2021ರಿಂದ ವಿಂಟೇಜ್ ನೋಂದಣಿಯ ಸೌಕರ್ಯ ಬಂದಿದೆ. ನಂಬರಿನಲ್ಲಿ 'ವಿ.ಎ.' ಅಕ್ಷರಗಳು ಇರುತ್ತವೆ. ಕಾರು ಮೂಲ ರೂಪದಲ್ಲಿ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಎಂಬುದು ಅದರ ಕರಾರು. ದಿನದ ಓಡಾಟಕ್ಕೆ, ಬಾಡಿಗೆಗೆ ಅಂಥ ಕಾರು ಬಳಸುವಂತಿಲ್ಲ. ಮುಂದೊಂದು ದಿನ ಆ ಗೌರವ ಬೇಕೆನ್ನುವವರು ಇಂದೇ ಮೂಲ ಮಾದರಿಯ ಸೈಲೆನ್ಸರ್ ಆರಿಸಿಕೊಂಡರೆ ಜಾಣರು. ಮೂಲ ರೂಪ ಉಳಿಸುವುದೆಂದರೆ ಏನೆಂದು ಮಕ್ಕಳಿಗೆ ತೋರಿಸಲು ಧರ್ಮಸ್ಥಳದ ಕಾರು ಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯ ಒಳ್ಳೆಯ ಪಾಠಶಾಲೆಗಳು.

ಕೂಡಿಸುವಾಗ ಮರೆಯಬಾರದ್ದು

ಹಳೆಯ ಸೈಲೆನ್ಸರನ್ನು ಗುಜರಿಗೆ ಹಾಕುವ ಆತುರ ಬೇಡ. ಅದೇ ಅಳತೆಯ ಪುಸ್ತಕ. ಬಿಚ್ಚುವ ಮೊದಲು ಫೋಟೊ ತೆಗೆದುಕೊಂಡು, ಪೈಪಿನ ಹೊರವ್ಯಾಸ, ಬಾಗುಗಳ ಜಾಗ, ಹಿಡಿಕೆಯಿಂದ ಹಿಡಿಕೆಗೆ ಇರುವ ದೂರ ಬರೆದಿಟ್ಟುಕೊಳ್ಳಬೇಕು. ದಪ್ಪ ತಂತಿಯನ್ನು ಪೈಪಿನಂತೆ ಬಾಗಿಸಿ ಮಾದರಿ ಮಾಡಿಕೊಂಡರೆ ಹೈದರಾಬಾದಿನ ಬಿಡಿಭಾಗದ ಅಂಗಡಿಯಲ್ಲೂ ಬೀದರಿನ ವೆಲ್ಡಿಂಗ್ ಅಂಗಡಿಯಲ್ಲೂ ಮಾತು ಸುಲಭ. ಬರೀ "ಅಂಬಾಸಡರಿಂದು ಕೊಡ್ರಿ" ಎಂದರೆ ಸಾಲದು. 1950ರ ದಶಕದ ಕೊನೆಯಿಂದ 2014ರವರೆಗೆ ಉತ್ತರಪಾರಾದ ಕಾರ್ಖಾನೆಯಿಂದ ಬಂದ ಆ ಕಾರಿಗೆ ಎಷ್ಟೋ ಎಂಜಿನ್‌ಗಳು ಬಂದವು. ವರ್ಷ ಮತ್ತು ಎಂಜಿನ್ ಎರಡನ್ನೂ ಹೇಳಬೇಕು.

ಮ್ಯಾನಿಫೋಲ್ಡಿನ ಸ್ಟಡ್ಡುಗಳು ತುಕ್ಕು ಹಿಡಿದಿದ್ದರೆ ಬಲ ತೋರಿಸಬಾರದು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಬೇಕು. ಹಿತ್ತಾಳೆಯ ನಟ್ಟು ಹಾಕಿದರೆ ಮುಂದಿನ ಬಾರಿ ಬಿಚ್ಚಲು ಸುಲಭ. ಗ್ಯಾಸ್ಕೆಟ್ ಪ್ರತಿ ಬಾರಿ ಹೊಸದೇ ಬೇಕು.

ಪೈಪನ್ನು ಚಾಸಿಗೆ ನೇರವಾಗಿ ಬೆಸೆಯುವುದು ದೊಡ್ಡ ತಪ್ಪು. 2 ಮೀಟರ್ ಪೈಪು 300 ಡಿಗ್ರಿ ಹೆಚ್ಚು ಕಾದರೆ ಸಾಮಾನ್ಯ ಉಕ್ಕಿನದು ಸುಮಾರು 7 ಮಿಲಿಮೀಟರ್, 304 ಸ್ಟೇನ್‌ಲೆಸ್ಸಿನದು ಸುಮಾರು 10 ಮಿಲಿಮೀಟರ್ ಉದ್ದವಾಗುತ್ತದೆ. ಆ ಹಿಗ್ಗಿಗೆ ಜಾಗ ಕೊಡುವುದೇ ರಬ್ಬರ್ ಹಿಡಿಕೆ. ಜಾಗ ಸಿಗದಿದ್ದರೆ ಪೈಪು ತಾನೇ ಒಡೆದು ಜಾಗ ಮಾಡಿಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ ಬಯಲಿನಲ್ಲಿ ಎಂಜಿನ್ ಚಾಲೂ ಮಾಡಿ, ಪೈಪು ಇನ್ನೂ ತಣ್ಣಗಿರುವಾಗ, ದಪ್ಪ ಬಟ್ಟೆಯ ಮಡಿಕೆಯಿಂದ ಬಾಲದ ಬಾಯಿಯನ್ನು ಕ್ಷಣಕಾಲ ಅದುಮಬೇಕು. ಎಂಜಿನ್ ಉಸಿರುಗಟ್ಟಿ ನಿಲ್ಲಲು ಹೊರಟರೆ ಸರಣಿ ಗಟ್ಟಿ. ಏನೂ ಆಗದೆ ಎಲ್ಲಿಂದಲೋ 'ಸುಸ್' ಎಂದರೆ ಅಲ್ಲಿ ಸೋರುತ್ತಿದೆ. ಕೀಲಿನ ಬಳಿ ಕಪ್ಪು ಮಸಿಯ ಗೆರೆ ಕಂಡರೂ ಅದೇ ಅರ್ಥ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ಒಂದು ನಿಮಿಷಕ್ಕೂ ಬೇಡ.

ಮಾಸ್ತರರ ಕಾರಿಗೆ ಕೊನೆಗೆ ಬಂದದ್ದು ಮೂಲ ಅಳತೆಯ ಪೈಪು, ಅಡ್ಡಗೋಡೆಯ ಡಬ್ಬಿ, ಅಲ್ಯೂಮಿನಿಯಂ ಲೇಪದ ಉಕ್ಕು, ನಾಲ್ಕು ಹೊಸ ರಬ್ಬರ್ ಹಿಡಿಕೆ. ಫ್ಲೋರಿನ ತೂತಿಗೆ, ಡಿಕ್ಕಿಯ ಅಂಚಿಗೆ ಹೊಸ ರಬ್ಬರ್. ಹಣ ಹೆಚ್ಚಾಗಿ ಹೋದದ್ದು ಕಣ್ಣಿಗೆ ಕಾಣದ ಕೀಲುಗಳಿಗೆ. ಬಟ್ಟೆ ಹಿಡಿದು ಪರೀಕ್ಷೆ ಮಾಡಿದವನು ಮೊಮ್ಮಗನೇ. ಎಂಜಿನ್ ಗಕ್ಕನೆ ನಿಂತಾಗ ಉಸ್ತಾದ್ ತಲೆಯಾಡಿಸಿ, "ಪಾಸ್" ಎಂದರು.

ಸಂಜೆ ಹಿಂತಿರುಗುವಾಗ ತಂಗಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ಮಾಂಜ್ರಾ ಸೇತುವೆ ಬಂದಾಗ ಮೊಮ್ಮಗ ಗಾಡಿ ನಿಧಾನ ಮಾಡಿ, ಹಿಂದಕ್ಕೆ ತಿರುಗಿ ಅವಳನ್ನು ಎಬ್ಬಿಸಿ ಕೇಳಿದ:

"ತಲಿ ನೋಯ್ಲಿಕತ್ತದೇನವ್ವಾ?"

"ಇಲ್ಲಣ್ಣಾ. ನಿದ್ದಿ ಬಂದಿತ್ತು, ಸುಮ್ಮನ ಎಬ್ಬಿಸಿದಿ."

ಮುತ್ಯಾ ಕಿಟಕಿಯಾಚೆ ನೋಡುತ್ತ ನಕ್ಕರು. ಗಾಡಿ ಬಂದದ್ದು ಭಾಲ್ಕಿಗೆ ಇರಲಿ, ತಮ್ಮ ಓಣಿಯ ನಾಯಿಗೂ ಕೇಳಿಸಲಿಲ್ಲ.